ಹತ್ತು ಸಲ ಬರೆಸಿದ ವಾಕ್ಯ

ಬೆಳ್ಮಣ್,
೧೪ ನವೆಂಬರ್ ೨೦೨೪

ಚಿ. ಜೆಸ್ಸಿಗೆ,

ಆಶೀರ್ವಾದವೆಂದು ಬರೆದು ಹೊಡೆದುಹಾಕಿದ್ದೇನೆ. ನಮಸ್ಕಾರ.

ನಿನ್ನೆ ಮಣಿಪಾಲದ ಸಭಾಂಗಣವೊಂದರಲ್ಲಿ, ನೀನು ಲಂಡನ್ನಿನಲ್ಲಿ ಆಡಿದ ಏಕವ್ಯಕ್ತಿ ನಾಟಕದ ಚಿತ್ರೀಕರಣವನ್ನು ತೋರಿಸಿದರು. ಮೊಮ್ಮಗಳು ನವ್ಯಶ್ರೀ ಕರೆದುಕೊಂಡು ಹೋಗಿದ್ದಳು. ಶಿರ್ವದ ಹುಡುಗಿಯೊಬ್ಬಳು ಹದಿಮೂರನೆಯ ವಯಸ್ಸಿನಲ್ಲಿ ಮಾವ ಲಿಯೋನೆಲ್ ಅವರೊಡನೆ ಆ ದೇಶಕ್ಕೆ ಹೋಗಿ, ರಂಗಮಂದಿರದ ಬಾಗಿಲಲ್ಲಿ ಟಿಕೆಟ್ ಹರಿದು, ಸಿನಿಮಾಗಳಲ್ಲಿ ವರ್ಷಗಟ್ಟಲೆ ಮಾತಿಲ್ಲದ ದಾದಿಯಾಗಿ, ಕೊನೆಗೆ ರಂಗದ ಮೇಲೆ ರಾಣಿಯಾದ ಕಥೆ. ಬ್ರಿಟನ್ನಿನ ಈ ನಟಿಯ ಉಚ್ಚಾರಣೆಯನ್ನು ತಿದ್ದಿದವನು ನಾನೆಂದು ಕಾಪುವಿನಿಂದ ಕಾರ್ಕಳದವರೆಗೆ ಹೇಳಿಕೊಂಡು ತಿರುಗಿದ್ದೇನೆ. ಹೆಮ್ಮೆಯಿಂದಲೇ ಕುಳಿತಿದ್ದೆ.

ಆಗ ನೀನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಬೆರಳೆತ್ತಿ, ನಾನಾದೆ. ಇಂಗ್ಲಿಷ್ ನಾಟಕದ ನಡುವೆ ಕನ್ನಡದ ರಜಾ ಅರ್ಜಿಯೊಂದನ್ನು ಓದಿದೆ: "ನಿನ್ನೆ ನನ್ನ ತಂಗಿ ಹೋಯಿತು. ಆದ್ದರಿಂದ ಶಾಲೆಗೆ ಬರಲಿಲ್ಲ." ಬಳಿಕ ನನ್ನದೇ ಧ್ವನಿ: "ಹೋಯಿತು ಅಲ್ಲ, ಹೋದಳು. ತಂಗಿ ಎಂತ, ಬಸ್ಸಾ? ಎಲ್ಲಿಗೆ ಹೋದದ್ದು ಮಾರಾಯ್ತಿ, ಕಾಪು ಲೈಟ್‌ಹೌಸ್ ನೋಡ್ಲಿಕ್ಕಾ?"

ಸಭಾಂಗಣ ನಕ್ಕಿತು. ಅಂದು ತರಗತಿಯೂ ನಕ್ಕಿತ್ತು.

ನವ್ಯಶ್ರೀ ಕಿವಿಯಲ್ಲಿ, "ಅಜ್ಜ, ಇದು ನೀವಲ್ವಾ?" ಎಂದಳು.

ಎಳೆಯ ಹೆಣ್ಣುಮಕ್ಕಳನ್ನು ನಪುಂಸಕಲಿಂಗದಲ್ಲಿ ಹೇಳುವುದು ಕೊಂಕಣಿಯ ಪ್ರೀತಿಯ ರೂಢಿ. ಮನೆಯ ಆ ಮಾತನ್ನು ನೀನು ಕನ್ನಡಕ್ಕೆ ತಂದಿದ್ದೆ, ಅಷ್ಟೆ. ನಾನು "ನನ್ನ ತಂಗಿ ಹೋದಳು" ಎಂದು ಹತ್ತು ಸಲ ಬರೆಸಿದೆ. ಜ್ವರದಲ್ಲಿ ತೀರಿಕೊಂಡ ಮಗುವಿನ ಅಕ್ಕನ ಕೈಯಲ್ಲಿ.

ಆ ಹತ್ತು ವಾಕ್ಯಗಳನ್ನೂ ನೀನು ರಂಗದ ಮೇಲೆ ಒಂದೊಂದಾಗಿ ಹೇಳಿದೆ. ಒಂದು ಉಚ್ಚಾರಣೆಯೂ ತಪ್ಪಿರಲಿಲ್ಲ. ಅನಂತರ ಮೆಲ್ಲಗೆ, "ಪಾಪ, ಮಾಷ್ಟ್ರಿಗೆ ಗೊತ್ತಿರಲಿಲ್ಲ" ಎಂದೆ. ಅಲ್ಲಿಗೆ ನಾಟಕ ಮುಗಿಯಿತು. ಪರದೆಯಲ್ಲಿ ಲಂಡನ್ನಿನ ಪ್ರೇಕ್ಷಕರು ಎದ್ದು ನಿಂತರು, ಮಣಿಪಾಲದವರೂ ಎದ್ದರು. ನನಗೆ ಏಳಲಾಗಲಿಲ್ಲ.

ಮುಂದಿನ ತಿಂಗಳು ನೀನು ಉಡುಪಿಗೆ ಬಂದಾಗ ಶಾಲು ಹೊದಿಸಲು ಸಂಘಟಕರು ನನ್ನನ್ನೇ ಕರೆದಿದ್ದಾರೆ. ಈ ಪತ್ರವನ್ನು ಕೊನೆಯ ಸಾಲಿನವರೆಗೆ ಓದಿ, ನಾನು ವೇದಿಕೆ ಹತ್ತಬಹುದೇ ಎಂಬುದನ್ನು ನೀನೇ ತಿಳಿಸು. ಬೇಡವೆಂದರೆ ಅವರಿಗೆ ಸೊಂಟನೋವೆಂದು ಹೇಳುತ್ತೇನೆ.

ನಿನ್ನ ಉತ್ತರಕ್ಕಾಗಿ ಕಾಯುತ್ತಿರುವ,
ಧರ್ಮಪಾಲ
ನಿವೃತ್ತ ಕನ್ನಡ ಅಧ್ಯಾಪಕ

ತಾ.ಕ.: ಇದು ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲದೆ ಉಳಿದದ್ದು. ಅಂದು ಸಂಜೆ ಶಾಲೆಯ ಜವಾನ ಶೇಖರ ನಿನ್ನ ತಂಗಿಯ ಸುದ್ದಿಯನ್ನು ನನಗೆ ಹೇಳಿದ. ನಿನ್ನ ಪುಸ್ತಕ ಇನ್ನೂ ನನ್ನ ಮೇಜಿನ ಮೇಲಿತ್ತು. ಹತ್ತು ವಾಕ್ಯಗಳನ್ನೂ ಓದಿ, ಕೆಳಗೆ ಕೆಂಪು ಶಾಯಿಯಲ್ಲಿ 'ಸರಿ' ಎಂದು ಬರೆದದ್ದು ಆ ಸುದ್ದಿ ತಿಳಿದ ಮೇಲೆ.