ಬಲಗಡೆಯ ಲೈಟು

ಲೋ ತಮ್ಮ,

ಡ್ಯೂಟಿಗೆ ಹೊರಟವಳು ಬೀದಿ ಕೊನೆಯಿಂದ ವಾಪಸ್ ಬಂದು, ನೀನಿನ್ನೂ ಎದ್ದಿಲ್ಲ ಅಂತ ಇದನ್ನು ಬರೆದಿಡುತ್ತಿದ್ದೇನೆ. ಅವಸರದಲ್ಲಿ ಗೀಚಿದ್ದೇನೆ, ಅಕ್ಷರ ನೋಡಿ ಆಡಿಕೊಳ್ಳಬೇಡ.

ಸ್ಟೇರಿಂಗ್ ತಿರುಗಿಸಿದ ಕಡೆಗೆ ಹತ್ತುವ ಫಾಗ್ ಲೈಟನ್ನು ನೀನು ಕಾರಿಗೆ ಹಾಕಿದೆಯಲ್ಲ, ಅದು ದಂಡ ಅಂತ ನಿನ್ನೆ ಊಟಕ್ಕೆ ಕೂತಾಗ ನಾನಂದೆ, ಅಲ್ಲ ಅಂತ ನೀನಂದೆ. ಅಪ್ಪ ಊಟ ಮಾಡುತ್ತಾ ಎಲ್ಲ ಕೇಳಿಸಿಕೊಂಡರು. ಇವತ್ತು ತೀರ್ಪು ಕೊಡೋಕೆ ಹೋಗಿದ್ದಾರೆ. ಎದುರಿಗಿದ್ದವರೂ ಕಾಣದ ಮಂಜಿನಲ್ಲಿ, ಆ ಬೂದಿ ಬಣ್ಣದ ಸ್ವೆಟರ್ ಹಾಕಿಕೊಂಡು, ಸರಿಯಾಗಿ ತಿರುವಿನಲ್ಲೇ ನಿಂತಿದ್ದರು. ಎಡಕ್ಕೆ ತಿರುಗಿಸಿದೆ, ಲೈಟು ಹತ್ತಿತು, ಬಂಪರಿನ ಮುಂದೆ ಅಪ್ಪನ ಮೊಣಕಾಲು. ಬ್ರೇಕ್ ಒತ್ತಿ ಇಳಿದರೆ, "ಹತ್ತುತ್ತಮ್ಮ, ಚೆನ್ನಾಗೇ ಹತ್ತುತ್ತೆ" ಅಂತಾರೆ.

ಕೂರಿಸಿಕೊಂಡು ಬಂದು ಮನೆಗೆ ಬಿಟ್ಟಿದ್ದೇನೆ. ಏನೂ ಆಗಿಲ್ಲ. ಕುಡಿಯೋಕೆ ಬಿಸಿಯಾಗಿ ಏನಾದರೂ ಕೊಡು. ಆ ಸ್ವೆಟರ್ ಅವರ ಕೈಗೆ ಸಿಗದ ಹಾಗೆ ಬಚ್ಚಿಡು. ಗೇಟಿನ ಬೀಗದ ಕೈ ನಿನ್ನ ಹತ್ತಿರವೇ ಇರಲಿ.

ಲೈಟಿನಿಂದ ಉಪಯೋಗ ಇದೆ, ಒಪ್ಪಿಕೊಂಡೆ. ಆದರೆ ವಾಪಸ್ ಬರುವಾಗ ಬಲಕ್ಕೆ ತಿರುಗಿಸಿದರೆ ಆ ಕಡೆಯದು ಹತ್ತಲೇ ಇಲ್ಲ. ಅಪ್ಪ ಗಮನಿಸಲಿಲ್ಲ, ನಿನ್ನನ್ನು ಹೊಗಳುತ್ತಾ ಕೂತಿದ್ದರು. ಸಂಜೆಯೊಳಗೆ ಸರಿಮಾಡು. ಅವರ ಮುಂದೆ ಮಾತ್ರ ಬಾಯಿ ಬಿಡಬೇಡ, ನಾಳೆ ಆ ಕಡೆ ಹೋಗಿ ನಿಲ್ಲುತ್ತಾರೆ.

ಅಕ್ಕ