ಜನ್ನತಬಿಯ ಗರ್ಭಕೋಶ

೮ ಮಾರ್ಚ್ ೧೯೬೨, ಗುರುವಾರ, ಸಿಂದಗಿ

ಜನ್ನತಬಿ ಮತ್ತೆ ಮತ್ತೆ ನೀರು ಕೇಳುತ್ತಿದ್ದಾಳೆ. ನನಗೆ ಹೆದರಿಕೆಯಾಗುತ್ತಿದೆ.

ಬೆಳಿಗ್ಗೆ ಆಕೆಯ ಗರ್ಭಕೋಶದ ಗಡ್ಡೆಗಳನ್ನು ತೆಗೆದೆ. ಗರ್ಭಕೋಶವನ್ನೇ ತೆಗೆಯೋಣವೆಂದರೆ, "ಒಂದ ಕೂಸರ ಆಗ್ಲಿರಿ ಡಾಕ್ಟರಬಾಯಾರ, ಚೀಲ ಮಾತ್ರ ತೆಗೀಬ್ಯಾಡ್ರಿ" ಎಂದು ಕೈ ಹಿಡಿದಿದ್ದಳು. ಆಕೆಯ ಅಣ್ಣ ಕೊಟ್ಟ ಒಂದು ಬಾಟಲಿ ಬಿಟ್ಟರೆ ಬೇರೆ ರಕ್ತವಿರಲಿಲ್ಲ. ಅದಕ್ಕೇ ಗರ್ಭಕೋಶದ ಬುಡಕ್ಕೆ ರಬ್ಬರ್ ನಳಿಕೆ ಬಿಗಿದು, ರಕ್ತ ತಡೆದು ಕೊಯ್ದೆ. ಹೊಲಿದು ಕಟ್ಟು ಬಿಚ್ಚಿದಾಗ ಒಂದು ಹನಿಯೂ ಜಿನುಗಲಿಲ್ಲ. ಎಷ್ಟು ಹಿಗ್ಗಿದ್ದೆ.

ಸಂಜೆಯಿಂದ ನಾಡಿ ಏರುತ್ತಿದೆ, ಹೊಟ್ಟೆ ಉಬ್ಬುತ್ತಿದೆ. ಕಟ್ಟು ಬಿಚ್ಚಿದಾಗ ಮುದುಡಿಕೊಂಡಿದ್ದ ರಕ್ತನಾಳಗಳು ಈಗ ತೆರೆದುಕೊಂಡು ಒಳಗೇ ರಕ್ತ ಸೋರುತ್ತಿದೆ. ಮತ್ತೆ ಹೊಟ್ಟೆ ತೆರೆದರೆ ಜೀವ ಉಳಿಸಬಹುದು, ಗರ್ಭಕೋಶ ಉಳಿಸಲಾರೆ.

"ಚೀಲ ಐತಿಲ್ರಿ?" ಎಂದಳು ಈಗ.

"ಐತವ್ವಾ" ಎಂದೆ.

ನರ್ಸ್ ಸುಮಿತ್ರಾಬಾಯಿ ಹತಾರಗಳನ್ನು ಕುದಿಯಲಿಟ್ಟಿದ್ದಾರೆ. ಅಷ್ಟರೊಳಗೆ ಜನ್ನತಬಿಗೆ ಹೇಳಬೇಕು. ಏನೆಂದು ಹೇಳಲಿ?