ಒತ್ತಿದ ಮೇಲೂ ನಿಲ್ಲದ ಮೋಟರು

ತಳದೂರು
ಬಾವಿವರ್ಷ ಇನ್ನೂರ ಹನ್ನೊಂದು, ಹದಿನಾಲ್ಕನೆಯ ತಿಂಗಳ ನಲವತ್ತನೆಯ ದಿನ

ಪ್ಯಾನೆಲ್ ಕಟ್ಟುವ ಗಂಗಹನುಮಯ್ಯನವರಿಗೆ ನಮಸ್ಕಾರ.

ನಿಮ್ಮ ಕಾಲ ಮುಗಿದು ಎಷ್ಟೋ ತಲೆಮಾರುಗಳ ನಂತರ ಬರೆಯುತ್ತಿದ್ದೇನೆ. ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಕ್ಷಮಿಸಿ; ನೆಲದಡಿಯಲ್ಲಿ ಮಾತೂ ಬಣ್ಣಗೆಡುತ್ತದೆ. ನಿಮ್ಮ ಮೇಜಿನ ಮೇಲೀಗ ಒಂದು ಸ್ಟಾರ್ಟರ್ ಇದೆ, ಗಣಿಯ ನೀರೆತ್ತುವ ಮೋಟರಿನದು. ಕಂಟ್ರೋಲ್‌ಗೆ ಎಷ್ಟು ವೋಲ್ಟ್ ಇಡಲಿ ಎಂದು ಯೋಚಿಸಿ, ಮೋಟರಿನ ಸ್ವಿಚ್ಚನ್ನು ಹಿಡಿದಿಡುವ, ಸುಲಭಕ್ಕೆ ಸಿಗುವ ಇನ್ನೂರ ಮೂವತ್ತು ವೋಲ್ಟಿನ ಎಸಿ ಕಾಯಿಲನ್ನು ಕೈಗೆತ್ತಿಕೊಂಡಿದ್ದೀರಿ. ಆ ಪ್ಯಾನೆಲ್ಲಿನ ಬಾಗಿಲೊಳಗೆ ನೀವು ಕೆತ್ತಿದ ಹೆಸರಿಗೆ ನಾವು ಇಂದಿಗೂ ದೀಪ ಹಚ್ಚುತ್ತೇವೆ.

ಆ ಗಣಿಯೇ ನಮ್ಮ ಊರು. ಮೇಲ್ಬಿಸಿ, ಅಂದರೆ ನೆಲದ ಮೇಲೆ ಕಾಲಿಡಲಾಗದ ಕಾವು, ನಮ್ಮ ಹಿರೀಕರನ್ನು ಸುರಂಗಕ್ಕೆ ಇಳಿಸಿತು; ಬಾವಿವರ್ಷ ಎಣಿಸುವುದು ಅಂದಿನಿಂದ. ಇಲ್ಲಿ ಅಣಬೆ ಬೆಳೆಯುತ್ತೇವೆ, ಗೋಡೆಯಲ್ಲಿ ಜಿನುಗುವ ನೀರಿನಲ್ಲಿ ಬಟ್ಟೆ ಒಗೆಯುತ್ತೇವೆ, ಮೋಟರಿನ ಗುಂಯ್ಗುಡುವ ಸದ್ದಿಗೆ ಮಕ್ಕಳನ್ನು ಮಲಗಿಸುತ್ತೇವೆ. ಸದ್ದು ನಿಂತರೆ ಅವು ಎದ್ದು ಅಳುತ್ತವೆ. ನಿಮ್ಮ ಪ್ಯಾನೆಲ್ ಸುರಂಗದ ಬಾಯಲ್ಲಿದೆ, ನಿಲ್ಲಿಸುವ ಕೆಂಪು ಗುಂಡಿ ಇಲ್ಲಿ ತಳದಲ್ಲಿದೆ. ನಡುವೆ ಮೈಲಿಗಟ್ಟಲೆ ಜೋಡಿ ತಂತಿ. ಗುಂಡಿ ಒತ್ತಿದರೂ ಒಂದು ತಂತಿಯ ಎಸಿ ಕರೆಂಟು ಪಕ್ಕದ ತಂತಿಗೆ, ಮುಟ್ಟದೆಯೇ, ಒಂದಿಷ್ಟು ಹಾಯುತ್ತದೆ. ಇದನ್ನು ನಾವು ಉಳಿಕರೆಂಟು ಎನ್ನುತ್ತೇವೆ. ಕಾಯಿಲ್ ಹಿಡಿತ ಬಿಡದಿರಲು ಅಷ್ಟೇ ಸಾಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದ ಹಾಗೆ, ಗುಂಡಿ ನಿಲ್ಲು ಎಂದರೂ ತಂತಿ ಬಿಡುವುದಿಲ್ಲ. ಮೇನ್ ತೆಗೆಯೋಣವೆಂದರೆ ಉಸಿರಿನ ಫ್ಯಾನೂ ಅದೇ ಲೈನಿನಲ್ಲಿದೆ.

ಹಾಗಾಗಿ ನಮ್ಮಲ್ಲೊಂದು ಪದ್ಧತಿ. ಪಂಪಿನ ರೆಕ್ಕೆಗೆ ಸಿಕ್ಕಿದ ಕಸ ಬಿಡಿಸಲು ಯಾರಾದರೂ ನೀರಿನ ಹೊಂಡಕ್ಕಿಳಿಯುವ ಮುಂಚೆ, ಮನೆಯವರೊಬ್ಬರು ಕೊಳವೆಯ ಮೇಲೆ ಅಂಗೈ ಇಟ್ಟು ನಡುಕ ನಿಲ್ಲುವುದನ್ನು ಕಾಯಬೇಕು. ಅದಕ್ಕೆ ಒಪ್ಪಿಗೆ ಎಂದು ಹೆಸರು. ನಡುಕ ನಿಲ್ಲದಿದ್ದರೆ ಹಿರಿಯರು ಸತ್ತವರ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಾರೆ. ಯಾವುದೋ ಹೆಸರಿಗೆ ಮೋಟರು ನಿಲ್ಲುತ್ತದೆ. ಲೈನಿನ ವೋಲ್ಟೇಜು ಒಂದು ಕ್ಷಣ ಕುಗ್ಗಿದ್ದಕ್ಕೆ ನಿಂತಿತೆಂದು ನನಗೆ ಗೊತ್ತು. ಆದರೂ ನಾನೂ ದನಿಗೂಡಿಸುತ್ತೇನೆ. ಹೋದ ಸಲ ನಮ್ಮಮ್ಮ ತಿಮ್ಮವ್ವ ಇಳಿದಾಗ ಕೊಳವೆ ನಡುಗುತ್ತಲೇ ಇತ್ತು. ಪಕ್ಕದ ಪಂಪಿನ ನಡುಕವಿರಬೇಕು ಎಂದರು ಎಲ್ಲರೂ. ಅಮ್ಮ ಮೇಲೆ ಬರಲಿಲ್ಲ. ಅಂದಿನಿಂದ ಮೋಟರು ಅವಳ ಹೆಸರಿಗೇ ನಿಲ್ಲುತ್ತಿದೆ.

ದಯವಿಟ್ಟು ಇಪ್ಪತ್ನಾಲ್ಕು ವೋಲ್ಟ್ ಡಿಸಿ ಇಡಿ. ಅದು ಹೀಗೆ ಪಕ್ಕದ ತಂತಿಗೆ ಹಾಯುವುದಿಲ್ಲ. ಅಷ್ಟು ದೂರಕ್ಕೆ ದಣಿಯುತ್ತದೆ, ನಿಜ. ದಪ್ಪ ತಂತಿ ಎಳೆಯಿರಿ, ಪ್ಯಾನೆಲ್ಲಿನಲ್ಲೇ ಒಂದು ಸಣ್ಣ ರಿಲೇ, ಅಂದರೆ ಕಡಿಮೆ ಕರೆಂಟಿಗೇ ಬೀಳುವ ಏಳುವ ಪುಟ್ಟ ಸ್ವಿಚ್ಚು, ಇಟ್ಟು ದೊಡ್ಡ ಕಾಯಿಲನ್ನು ಅದರ ಕೈಗೊಪ್ಪಿಸಿ. ನಿಮಗಿದು ಅರ್ಧ ದಿನದ ಹೆಚ್ಚಿನ ಕೆಲಸ.

ಈಗ ರೆಕ್ಕೆಗೆ ಮತ್ತೆ ಕಸ ಸಿಕ್ಕಿದೆ, ನೀರು ಮೊಣಕಾಲಿಗೆ ಬಂದಿದೆ. ನನ್ನ ತಂಗಿ ಸಾಕಿ ಸೊಂಟಕ್ಕೆ ಹಗ್ಗ ಬಿಗಿದು ನಿಂತಿದ್ದಾಳೆ. "ಅಕ್ಕಾ, ನೀನು ಹೂಂ ಅಂದ್ರೆ ಸಾಕು, ಇಳಿದ್ಬಿಡ್ತೀನಿ" ಎನ್ನುತ್ತಾಳೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ; ಬಲಗೈ ಕೊಳವೆಯ ಮೇಲಿದೆ. ನನಗೆ ಭಯವಾಗುತ್ತಿದೆ.

ಓದುತ್ತಿರುವಂತೆಯೇ ಈ ಅಕ್ಷರಗಳು ಮಾಸಿ ಕಾಗದ ಬರಿದಾದರೆ ಹೆದರಬೇಡಿ. ಅಮ್ಮ ಬದುಕಿದ್ದಾಳೆ, ನನಗೆ ಪತ್ರ ಬರೆಯುವ ಕಾರಣವೇ ಇಲ್ಲ ಎಂದು ತಿಳಿಯಿರಿ. ಇಲ್ಲಿಯವರೆಗೂ ಓದಲು ಆಗಿದ್ದರೆ, ಆ ಕಾಯಿಲ್ ಇನ್ನೂ ನಿಮ್ಮ ಕೈಯಲ್ಲೇ ಇದೆ. ಕೆಳಗಿಡಿ, ಅಣ್ಣಾ. ಕೆಂಪು ಗುಂಡಿ ಒತ್ತಿಯಾಗಿದೆ. ಹಿರಿಯರು ಅಮ್ಮನ ಹೆಸರು ಕೂಗಿಯಾಗಿದೆ. ಕೊಳವೆ ಇನ್ನೂ ನಡುಗುತ್ತಿದೆ.